ಐದು ವಾರದಿಂದ ಚೇಳು ಊಟ ಬಿಟ್ಟಿದೆ, ಪೊರೆ ಬಿಡೋಕಾ ಅಥವಾ ಸಾಯೋಕಾ?

ಫೀನಿಕ್ಸ್ ಪ್ರಸನ್ನ:
ಅರಿಜೋನಾದಲ್ಲಿದ್ದೇನೆ. ಒಂದೂವರೆ ವರ್ಷದಿಂದ ಒಂದು ಮರಿ ಚೇಳು ಸಾಕುತ್ತಿದ್ದೇನೆ. ಇಲ್ಲಿನ ಮರುಭೂಮಿಯದ್ದೇ, ಮೈಮೇಲೆ ರೋಮ ಇರುವ ಹಳದಿ ಕಾಲಿನ ಚೇಳು, ಹ್ಯಾಡ್ರುರಸ್ ಅರಿಜೋನೆನ್ಸಿಸ್. ಉತ್ತರ ಅಮೆರಿಕದಲ್ಲೇ ದೊಡ್ಡ ಚೇಳು ಇದು, ಬೆಳೆದರೆ 14 ಸೆಂ.ಮೀ. ವರೆಗೂ ಹೋಗುತ್ತೆ. ನಮ್ಮದು ಈಗ ನನ್ನ ಕಿರುಬೆರಳಿನಷ್ಟಿದೆ. ವಾರಕ್ಕೊಂದು ಕ್ರಿಕೆಟ್ ಹುಳ ಹಾಕಿದರೆ ಕೊಂಡಿ ಎತ್ತಿಕೊಂಡು ಓಡಿ ಬರುತ್ತಿತ್ತು. ಈಗ ಐದು ವಾರ ಆಯ್ತು, ಒಂದನ್ನೂ ಮುಟ್ಟಿಲ್ಲ. ಹೊಟ್ಟೆ ಮಾತ್ರ ಉಬ್ಬಿದೆ, ಬೆನ್ನಿನ ಪಟ್ಟಿಗಳ ನಡುವೆ ಬಿಳಿ ಚರ್ಮ ಕಾಣುತ್ತಿದೆ. ನಿನ್ನೆ ಬಿಲದ ಬಾಯಿಗೆ ಮಣ್ಣು ತಳ್ಳಿ ಮುಚ್ಚಿಕೊಂಡುಬಿಟ್ಟಿದೆ. "ಸತ್ತಿದ್ರೆ ತೆಗೆದು ಬಿಸಾಕಿ, ವಾಸನೆ ಬರುತ್ತೆ" ಅಂತ ಹೆಂಡತಿಯ ಗಲಾಟೆ. ಅಗೆದು ನೋಡಲಾ?

ಟೆಕ್ಸಾಸ್ ಟಪೋರಿ:
ಅಗೆಯಬೇಡ ಗುರು. ಹೊಟ್ಟೆ ತುಂಬಿದೆ, ಹಸಿವಿಲ್ಲ, ಅಷ್ಟೇ. ಚೇಳು ತಿಂಗಳುಗಟ್ಟಲೆ ಉಪವಾಸ ಇರುತ್ತೆ. ಬೇಕಾದರೆ ನಾಲ್ಕೈದು ಹುಳ ಒಳಗೆ ಬಿಟ್ಟು ಮರೆತುಬಿಡು, ಹಸಿವಾದಾಗ ತಿನ್ನುತ್ತೆ. ನೀರು ಗೀರು ಚಿಮುಕಿಸಬೇಡ, ಮರುಭೂಮಿ ಪ್ರಾಣಿ ಅದು. ನನ್ನ ಹತ್ತಿರ ನಾಲ್ಕು ವರ್ಷದಿಂದ ಒಂದಿದೆ, ಬರೀ ಒಣ ಮರಳು, ಮೇಲೊಂದು ಬಿಸಿ ದೀಪ. ಆರಾಮಾಗಿದೆ.

ಕಾಡುಚೇಳು:
ಅಯ್ಯೋ, ಹುಳ ಬಿಟ್ಟು ಮರೆತುಬಿಡೋದಾ! ಪ್ರಸನ್ನ ಅವರೇ, ದಯವಿಟ್ಟು ಹಾಗೆ ಮಾಡಬೇಡಿ. ನೀವು ಹೇಳಿದ ಎಲ್ಲ ಲಕ್ಷಣವೂ ಪೊರೆ ಬಿಡೋದಕ್ಕೇ ಹೊಂದುತ್ತೆ. ಊಟ ಬಿಡೋದು, ಉಬ್ಬೋದು, ಬಾಗಿಲು ಹಾಕಿಕೊಳ್ಳೋದು. ಈಗ ಒಳಗೆ ಒಂದು ಹುಳವೂ ಇರಬಾರದು. ಪೊರೆಯಿಂದ ಆಗಷ್ಟೇ ಬಂದ ಚೇಳು ಬೆಣ್ಣೆ ಇದ್ದ ಹಾಗೆ. ಕೊಂಡಿಯೂ ಮೆತ್ತಗೆ, ಇಕ್ಕಳವೂ ಮೆತ್ತಗೆ, ಓಡೋಕೂ ಆಗಲ್ಲ. ಹಸಿದ ಕ್ರಿಕೆಟ್ ಹುಳ ಅದನ್ನೇ ಕಚ್ಚಿ ತಿನ್ನುತ್ತೆ. ಮೀಲ್‌ವರ್ಮ್ ಅನ್ನೋ ಹಿಟ್ಟಿನ ಹುಳ ಇನ್ನೂ ಕೆಟ್ಟದ್ದು, ಮಣ್ಣಿನೊಳಗೆ ಸೇರಿಕೊಂಡರೆ ಇದೆ ಅಂತಲೇ ಗೊತ್ತಾಗಲ್ಲ.

ಟಪೋರಿ ಅವರಿಗೆ ಒಂದು ಪ್ರಶ್ನೆ. ನೀವು ತಂದಾಗ ನಿಮ್ಮ ಚೇಳು ಎಷ್ಟು ದೊಡ್ಡದಿತ್ತು?

ಟೆಕ್ಸಾಸ್ ಟಪೋರಿ:
ಪೂರ್ತಿ ಬೆಳೆದಿತ್ತು. ಯಾಕೆ?

ಕಾಡುಚೇಳು:
ಅದಕ್ಕೇ. ಬೆಳೆದ ಚೇಳು ಮತ್ತೆ ಪೊರೆ ಬಿಡಲ್ಲ. ನಿಮ್ಮದು ಈ ಪರೀಕ್ಷೆ ಬರೆದೇ ಇಲ್ಲ, ಪಾಸಾಗಿದೆ ಅಂತ ಹೇಗೆ ಹೇಳ್ತೀರಿ?

ಮಣ್ಣುಹುಳ:
ಧಾರವಾಡದಿಂದ ನಮಸ್ಕಾರ. ನಾನು ಪ್ರಾಣಿಶಾಸ್ತ್ರ ಓದಿದವನು, ಸಾಕುವವನಲ್ಲ. ಕಾಡುಚೇಳು ಅಕ್ಕ ಹೇಳಿದ್ದು ಸರಿ. ತಾಯಿಯ ಬೆನ್ನ ಮೇಲೆ ಇರುವಾಗಲೇ ಮರಿಗಳು ಮೊದಲ ಪೊರೆ ಬಿಡುತ್ತವೆ. ಆಮೇಲೆ ಬಹುತೇಕ ಜಾತಿಗಳಲ್ಲಿ ಒಟ್ಟು 5ರಿಂದ 7 ಸಲ ಬಿಟ್ಟು ಪ್ರಾಯಕ್ಕೆ ಬರುತ್ತವೆ. ಅಲ್ಲಿಗೆ ಮುಗೀತು.

ಈ ಹ್ಯಾಡ್ರುರಸ್ ಮರಿಗಳನ್ನು ಸಾಕಿ ದೊಡ್ಡದು ಮಾಡೋದು ಕಷ್ಟ ಅನ್ನೋದು ಸಾಕುವವರಿಗೆಲ್ಲ ಗೊತ್ತಿರುವ ಮಾತು. ಹೆಚ್ಚಿನವು ಪೊರೆಯಲ್ಲೇ ಸಿಕ್ಕಿಕೊಂಡು ಸಾಯುತ್ತವೆ. ಕಾರಣ ಒಣ ಮರಳು. ಮರುಭೂಮಿ ಒಣಗಿದೆ ನಿಜ, ಆದರೆ ಈ ಚೇಳು ಬದುಕೋದು ಮರುಭೂಮಿಯ ಮೇಲಲ್ಲ, ಒಳಗೆ. ಆಳವಾದ ಬಿಲದ ತಳದಲ್ಲಿ ತಂಪಿರುತ್ತೆ, ತೇವ ಇರುತ್ತೆ. ಹಳೆ ಪೊರೆಗೂ ಹೊಸ ಚರ್ಮಕ್ಕೂ ನಡುವೆ ದ್ರವ ಇದ್ದರೆ ತಾನೇ ಜಾರಿಕೊಂಡು ಹೊರಗೆ ಬರೋಕಾಗೋದು? ಬರೀ ಹೊರಗಿನ ಕವಚ ಅಲ್ಲ, ಪುಸ್ತಕದ ಹಾಳೆಗಳ ಹಾಗೆ ಜೋಡಿಸಿರುವ, ಉಸಿರಾಡುವ ಪುಸ್ತಕ ಶ್ವಾಸಕೋಶಗಳ ಒಳಪದರ ಕೂಡ ಕಳಚಿಕೊಂಡು ಬರಬೇಕು. ನಾಲ್ಕು ಜೊತೆ ಇವೆ ಅವು. ಒದ್ದೆ ಸ್ವೆಟರ್ ಬಿಚ್ಚುವಾಗ ಜೊತೆಗೆ ಮೂಗಿನ ಒಳಚರ್ಮವೂ ಬರಬೇಕು ಅಂದರೆ ಹೇಗಿರುತ್ತೆ ಯೋಚಿಸಿ.

ಟೆಕ್ಸಾಸ್ ಟಪೋರಿ:
ಸರಿ, ಹಾಗಂತ ದಿನಾ ನೀರು ಹೊಡೆದರೆ ಮೈಮೇಲೆ ಕಪ್ಪು ಚುಕ್ಕೆ ಬರುತ್ತೆ, ಬೂಷ್ಟು ಹಿಡಿಯುತ್ತೆ. ಅದನ್ನೂ ನೋಡಿದ್ದೇನೆ ನಾನು. ನಮ್ಮ ಫ್ರೆಂಡ್ ಒಬ್ಬ ಅಂಗಡಿಯವನ ಮಾತು ಕೇಳಿ ದಿನಕ್ಕೆರಡು ಸಲ ಸ್ಪ್ರೇ ಮಾಡಿ ಕೊಂದ.

ಕಾಡುಚೇಳು:
ಇದನ್ನು ಒಪ್ಪುತ್ತೇನೆ. ಸ್ಪ್ರೇ ಮಾಡಿದರೆ ಮೇಲೆ ಒದ್ದೆ, ಕೆಳಗೆ ಒಣ. ಬೇಕಾಗಿರೋದು ಪೂರ್ತಿ ಉಲ್ಟಾ. ಒಂದು ಜ್ಯೂಸ್ ಸ್ಟ್ರಾ ತಗೊಳ್ಳಿ, ಡಬ್ಬಿಯ ಮೂಲೆಯಲ್ಲಿ ತಳ ಮುಟ್ಟುವ ಹಾಗೆ ನಿಲ್ಲಿಸಿ. ಎರಡು ವಾರಕ್ಕೊಮ್ಮೆ ಸಿರಿಂಜಿನಲ್ಲಿ ಸ್ವಲ್ಪ ನೀರು ಅದರೊಳಗೆ ಬಿಡಿ. ಕೆಳಗಿನ ಎರಡು ಬೆರಳಷ್ಟು ಮಣ್ಣು ತೇವ ಆಗುತ್ತೆ, ಮೇಲೆ ಒಣಗೇ ಇರುತ್ತೆ. ಎಲ್ಲಿ ಇರಬೇಕು ಅಂತ ಚೇಳೇ ತೀರ್ಮಾನ ಮಾಡಲಿ. ಬರೀ ಮರಳಾದರೆ ಬಿಲ ನಿಲ್ಲಲ್ಲ, ಜೇಡಿ ಮಣ್ಣು ಸೇರಿಸಿರಬೇಕು.

ಬಿಸಿ ಪ್ಯಾಡ್ ತಳಕ್ಕೆ ಅಂಟಿಸಿದ್ದರೆ ತೆಗೆದು ಪಕ್ಕಕ್ಕೆ ಹಾಕಿ. ಸೆಕೆ ಆದರೆ ಚೇಳು ಇನ್ನೂ ಕೆಳಗೆ ಅಗೆಯುತ್ತೆ. ಕೆಳಗೇ ಒಲೆ ಇಟ್ಟರೆ ಪಾಪ ಎಲ್ಲಿಗೆ ಹೋಗಬೇಕು.

ನಂದು ಏಷ್ಯಾದ ಕಾಡಿನ ಕರಿಚೇಳು, ಸ್ಟುಟ್‌ಗಾರ್ಟ್‌ನಲ್ಲಿ ಮನೆಯಲ್ಲೇ ಮರಿಯಿಂದ ಬೆಳೆಸಿದ್ದು. ಅದಕ್ಕೆ ತೆಂಗಿನ ನಾರಿನ ಪುಡಿ ಯಾವಾಗಲೂ ಹಸಿಯಾಗೇ ಇರಬೇಕು. ಹಾಗಾಗಿ ನನ್ನ ಲೆಕ್ಕ ನಿಮಗೆ ನೇರವಾಗಿ ಬರಲ್ಲ.

ಕರಾವಳಿ ಕಾಫಿ:
ಅಲ್ಲ ಮಾರಾಯ್ರೆ, ನಮ್ಮನೆಯಲ್ಲಿ ಚೇಳು ಕಂಡರೆ ಮೊದಲು ಚಪ್ಪಲಿ ಹುಡುಕ್ತೇವೆ. ನೀವು ಸಿರಿಂಜಿನಲ್ಲಿ ನೀರು ಕುಡಿಸ್ತೀರಲ್ಲ! ಇರಲಿ, ನನಗೊಂದು ಡೌಟು. ಟ್ಯಾರಂಟುಲ ಜೇಡ ಸಾಕುವ ನನ್ನ ಕಸಿನ್ ಹೇಳ್ತಾನೆ, ಅಂಗಾತ ಬಿದ್ದರೆ ಪೊರೆ ಬಿಡ್ತಿದೆ ಅಂತ ಅರ್ಥ ಅಂತೆ. ಚೇಳೂ ಹಾಗೆಯಾ?

ಮಣ್ಣುಹುಳ:
ಇಲ್ಲ. ಅದು ಜೇಡಕ್ಕೆ. ಚೇಳು ನಿಂತ ಭಂಗಿಯಲ್ಲೇ ಪೊರೆ ಬಿಡುತ್ತೆ. ತಲೆಯ ಮುಂಭಾಗ ಸೀಳುತ್ತೆ, ಮೊದಲು ಬಾಯಿಯ ಚಿಕ್ಕ ಇಕ್ಕಳ, ಆಮೇಲೆ ದೊಡ್ಡ ಇಕ್ಕಳ, ಕಾಲು, ಕೊನೆಗೆ ಬಾಲ. ಗಂಟೆಗಟ್ಟಲೆ ಹಿಡಿಯುತ್ತೆ. ಚೇಳು ಅಂಗಾತ ಬಿದ್ದಿದ್ದರೆ ಸಾಮಾನ್ಯವಾಗಿ ಅದು ಒಳ್ಳೆ ಸುದ್ದಿ ಅಲ್ಲ.

ಯಾದಗಿರಿ ಹುಡುಗ:
ನಮ್ಮ ಕಡೆ ಕಂದಕೂರಿನ ಗುಡ್ಡದಲ್ಲಿ ನಾಗರ ಪಂಚಮಿ ದಿನ ಜನ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರೆ, ಚಿಕ್ಕ ಮಕ್ಕಳು ಕೂಡ. ಅದನ್ನು ನೋಡಿ ಬೆಳೆದವನು ನಾನು. ಇದನ್ನೆಲ್ಲ ಓದಿ ಒಂದು ಕೆಂಪು ಚೇಳು ಹಿಡಿದು ಸಾಕೋಣ ಅನ್ನಿಸ್ತಿದೆ. ಹೊಲದ ಕಲ್ಲು ಎತ್ತಿದರೆ ಸಿಗುತ್ತೆ.

ಮಣ್ಣುಹುಳ:
ತಮ್ಮಾ, ಬೇಡ. ಬೇರೆ ಯಾವುದಕ್ಕಾದರೂ ಯೋಚನೆ ಮಾಡಬಹುದು, ಇದಕ್ಕೆ ಇಲ್ಲ. ನಮ್ಮ ಕೆಂಪು ಚೇಳು, ಹಾಟೆಂಟೋಟ ಟ್ಯಾಮುಲಸ್, ಹೃದಯಕ್ಕೆ ಹೊಡೆಯುತ್ತೆ, ಶ್ವಾಸಕೋಶದಲ್ಲಿ ನೀರು ತುಂಬಿಸುತ್ತೆ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಅನ್ನೋ ಬಿಪಿ ಮಾತ್ರೆ ಇದಕ್ಕೆ ಕೆಲಸ ಮಾಡುತ್ತೆ ಅಂತ ತೋರಿಸುವ ಮೊದಲು ಎಷ್ಟೋ ಮಕ್ಕಳು ಸಾಯುತ್ತಿದ್ದರು. ಕಚ್ಚಿದರೆ ಮಂತ್ರ ಹಾಕಿಸೋಕೆ ಹೋಗದೆ ನೇರ ಆಸ್ಪತ್ರೆಗೆ ಓಡಬೇಕು. ಗಾತ್ರ ನೋಡಿ ಮೋಸ ಹೋಗಬೇಡ, ಇಕ್ಕಳ ಸಣ್ಣ, ಬಾಲ ದಪ್ಪ ಇದ್ದರೆ ದೂರ ಇರು.

ಯಾದಗಿರಿ ಹುಡುಗ:
ಆಯ್ತಣ್ಣ. ಸುಮ್ನೆ ಕೇಳಿದೆ.

ಫೀನಿಕ್ಸ್ ಪ್ರಸನ್ನ:
ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಸ್ಟ್ರಾ ಹಾಕಿದೆ, ಹುಳ ಎಲ್ಲ ತೆಗೆದೆ, ತಳದ ಪ್ಯಾಡ್ ಬದಿಗೆ ಬಂತು. ಬಿಲದ ಒಂದು ಪಕ್ಕ ಗಾಜಿಗೆ ತಾಗಿದೆ. ಅಲ್ಲಿ ಕಪ್ಪು ಕಾಗದ ಅಂಟಿಸಿದ್ದೆ. ನಿನ್ನೆ ರಾತ್ರಿ ಅದನ್ನು ಸ್ವಲ್ಪ ಎತ್ತಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟೆ. ಇಲ್ಲಿ ಎಲ್ಲರ ಮನೆಯಲ್ಲೂ ಈ ಟಾರ್ಚ್ ಇರುತ್ತೆ, ಗೋಡೆ ಹತ್ತುವ ಸಣ್ಣ ಬಾರ್ಕ್ ಚೇಳು ಹುಡುಕೋಕೆ, ಅದು ನಿಜಕ್ಕೂ ಅಪಾಯದ್ದು. ನಮ್ಮ ಚೇಳು ಯಾವಾಗಲೂ ಟಾರ್ಚ್‌ಗೆ ಹಸಿರಾಗಿ ಹೊಳೆಯುತ್ತಿತ್ತು. ನಿನ್ನೆಯೂ ಹೊಳೆಯಿತು. ಆದರೆ ಹತ್ತಿರ ನೋಡಿದರೆ ಹೊಳೆಯುತ್ತಿದ್ದದ್ದು ಖಾಲಿ, ತಲೆಯ ಹತ್ತಿರ ಬಾಯಿ ತೆರೆದ ಹಾಗೆ ಸೀಳಿತ್ತು. ಅದರ ಪಕ್ಕದಲ್ಲಿ ಮಬ್ಬಾಗಿ, ಬೇಯಿಸಿದ ಶಾವಿಗೆ ಬಣ್ಣದ್ದೊಂದು ಮಲಗಿತ್ತು. ಅದು ಒಂಚೂರೂ ಹೊಳೆಯುತ್ತಿರಲಿಲ್ಲ. ಒಂದು ಕ್ಷಣ ಎರಡು ಚೇಳು ಹೇಗೆ ಬಂತು ಅಂತ ನಿಜವಾಗಿ ಗಾಬರಿಯಾದೆ.

ಮಣ್ಣುಹುಳ:
ಭೇಷ್! ಹೊಸ ಕವಚ ಗಟ್ಟಿಯಾಗುವವರೆಗೆ ಹೊಳೆಯಲ್ಲ. ಗಟ್ಟಿಯಾಗುತ್ತಾ ಹೋದ ಹಾಗೆ ಹೊಳಪೂ ಬರುತ್ತೆ. ಸರಿ, ಆದರೆ ಟಾರ್ಚ್ ಪದೇ ಪದೇ ಬಿಡಬೇಡಿ, ಅದಕ್ಕೆ ಆ ಬೆಳಕು ಕಂಡರೆ ಆಗಲ್ಲ.

ಫೀನಿಕ್ಸ್ ಪ್ರಸನ್ನ:
ಒಂದು ತೊಂದರೆ ಇದೆ. ಹಿಂದಿನ ಎಡಗಾಲಿನ ತುದಿಯಲ್ಲಿ ಹಳೆ ಪೊರೆ ಇನ್ನೂ ಅಂಟಿಕೊಂಡಿದೆ, ಕಾಲುಚೀಲ ಅರ್ಧ ಬಿಚ್ಚಿದ ಹಾಗೆ. ಚಿಮಟದಲ್ಲಿ ಎಳೆಯಲಾ?

ಟೆಕ್ಸಾಸ್ ಟಪೋರಿ:
ಎಳಿ ಗುರು, ಮೆಲ್ಲಗೆ. ಇಲ್ಲದಿದ್ದರೆ ರಕ್ತ ಓಡಾಟ ನಿಲ್ಲುತ್ತೆ.

ಕಾಡುಚೇಳು:
ಎಳೆಯಬೇಡಿ. ನಾನು ಎಳೆದಿದ್ದೇನೆ. ನನ್ನ ಮೊದಲನೇ ಮರಿಗೆ ಇಕ್ಕಳದಲ್ಲಿ ಸಿಕ್ಕಿಕೊಂಡಿತ್ತು. ಒದ್ದೆ ಬ್ರಷ್ಷಿನಲ್ಲಿ ನೆನೆಸಿ, ಚಿಮಟದಲ್ಲಿ ಹಿಡಿದು, ಒಂದು ಕೂದಲಿನಷ್ಟು ಎಳೆದೆ. ಪೊರೆ ಬಂತು, ಜೊತೆಗೆ ಕೀಲೂ ಬಂತು. ನೀಲಿ ಬಣ್ಣದ ಹನಿ ಒಂದು ಬಂತು, ಅದರ ರಕ್ತ. ಬೆಳಿಗ್ಗೆ ನೋಡಿದರೆ ಸತ್ತಿತ್ತು. ಕಾಲಿನ ತುದಿ ತಾನೇ, ಇರಲಿ ಬಿಡಿ. ಒಂದು ಕಾಲು ಕುಂಟಿದರೂ ಬದುಕುತ್ತೆ.

ಟೆಕ್ಸಾಸ್ ಟಪೋರಿ:
ಸರಿ ಅಕ್ಕ, ಇದು ನನಗೆ ಗೊತ್ತಿರಲಿಲ್ಲ. ಊಟದ ವಿಷಯದಲ್ಲಿ ಮಾತ್ರ ಬಿಡಲ್ಲ. ಈಗ ಚೆನ್ನಾಗಿ ತಿನ್ನಿಸಬೇಕು, ಸೊರಗಿರುತ್ತೆ. ಸಾಕು ಹಲ್ಲಿಗಳಿಗೆ ಹಾಕುವ ಕ್ಯಾಲ್ಸಿಯಂ ಪುಡಿ ಹುಳಕ್ಕೆ ಸವರಿ ಕೊಡು, ಕವಚ ಬೇಗ ಗಟ್ಟಿಯಾಗುತ್ತೆ.

ಮಣ್ಣುಹುಳ:
ಕ್ಯಾಲ್ಸಿಯಂ ಮೂಳೆ ಇರುವ ಹಲ್ಲಿಗಳಿಗೆ ಬೇಕು. ಚೇಳಿನ ಕವಚ ಕೈಟಿನ್ ಅನ್ನೋ ನಾರಿನಂಥ ವಸ್ತು ಮತ್ತು ಪ್ರೋಟೀನ್. ಪುಡಿಯಿಂದ ಏನೂ ಆಗಲ್ಲ. ಅದರ ಬದಲು ಹುಳಕ್ಕೆ ಹಿಂದಿನ ದಿನ ಕ್ಯಾರೆಟ್, ಸೊಪ್ಪು ತಿನ್ನಿಸಿ.

ಕಾಡುಚೇಳು:
ಮತ್ತೆ ಅವಸರ ಬೇಡ. ಏಳರಿಂದ ಹತ್ತು ದಿನ ಏನೂ ಹಾಕಬೇಡಿ. ಬಾಯಿಯ ಇಕ್ಕಳ ಗಟ್ಟಿಯಾಗದೆ ಅದಕ್ಕೆ ಜಗಿಯೋಕೇ ಆಗಲ್ಲ. ನೀರಿನ ಚಿಕ್ಕ ಮುಚ್ಚಳ ಒಂದಿರಲಿ. ಮೊದಲ ಊಟಕ್ಕೆ ಚೇಳಿಗಿಂತ ಚಿಕ್ಕ ಹುಳ, ತಲೆ ಜಜ್ಜಿದ್ದು, ಸಂಜೆ ಬಿಲದ ಬಾಯಲ್ಲಿ ಇಡಿ. ಬೆಳಿಗ್ಗೆ ಉಳಿದಿದ್ದರೆ ತೆಗೆದುಬಿಡಿ. ತೋಟದ ಹುಳ ಹಿಡಿದು ಹಾಕಬೇಡಿ, ಔಷಧಿ ಹೊಡೆದಿರುತ್ತಾರೆ. ಆಮೇಲೆ ಮತ್ತೆ ವಾರಕ್ಕೊಂದು ಸಾಕು.

ಫೀನಿಕ್ಸ್ ಪ್ರಸನ್ನ:
ಹತ್ತನೇ ದಿನ ಹಾಗೇ ಮಾಡಿದೆ. ರಾತ್ರಿ ಹುಳ ಮಾಯ, ಬೆಳಿಗ್ಗೆ ಬಿಲದ ಹೊರಗೆ ಜಗಿದು ಉಗುಳಿದ ಒಂದು ಉಂಡೆ ಮತ್ತು ಎರಡು ರೆಕ್ಕೆ. ಕಾಲುಚೀಲ ಇನ್ನೂ ಇದೆ, ಎಳೆದುಕೊಂಡೇ ಓಡಾಡುತ್ತಿದೆ. ಪೊರೆಯನ್ನು ಹೆಂಡತಿ ಗಾಜಿನ ಬಾಟಲಿಯಲ್ಲಿಟ್ಟು, ಬಂದವರಿಗೆಲ್ಲ ದೀಪ ಆರಿಸಿ ಟಾರ್ಚ್ ಬಿಟ್ಟು ತೋರಿಸುತ್ತಿದ್ದಾಳೆ. ಬಿಸಾಕಿ ಅಂದವಳು ಇವಳೇನಾ ಅಂತ ನನಗೇ ಅನುಮಾನ.

ಟೆಕ್ಸಾಸ್ ಟಪೋರಿ:
ಒಳ್ಳೇದಾಯ್ತು ಗುರು. ಅಕ್ಕ, ಒಂದು ಕೇಳ್ಲಾ? ಮೊನ್ನೆ ಒಂದು ಮರಿ ತಗೊಂಡೆ. ಆ ಸ್ಟ್ರಾ ಎಷ್ಟು ಉದ್ದ ಬೇಕು?

ಕಾಡುಚೇಳು:
ತಳ ಮುಟ್ಟಿ ಮೇಲೆ ಒಂದಿಂಚು ಉಳಿಯುವಷ್ಟು. ತುದಿಗೆ ಚೂರು ಹತ್ತಿ ತುರುಕಿ, ಇಲ್ಲದಿದ್ದರೆ ಮರಿ ಅದರೊಳಗೇ ಇಳಿದುಬಿಡುತ್ತೆ.