ಬೋರ್ಡೋ ಹೊಡೆದ ತೋಟಕ್ಕೆ ಸಿಳ್ಳಾರ ಹಕ್ಕಿ ಬರ್ತಿಲ್ಲ, ತಾಮ್ರ ಕಾರಣವಾ?

ತೋಟಿಗ ಶಿರಸಿ:
ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಮೇಲೆ ತೋಟಕ್ಕೆ ಸೊಪ್ಪು ತರುವ ಬೆಟ್ಟ, ಅದರಾಚೆ ಕಾಡು. ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಅಜ್ಜನ ಕಾಲದಿಂದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಹೊಡೆಯುತ್ತೇವೆ, ಮಳೆಗಾಲಕ್ಕೆ ಎರಡು ಸಲ, ಮಳೆ ಬಿಡದಿದ್ದರೆ ಮೂರು. ಮೊದಲು ಕಾದಿಗೆ (ತೋಟದ ನೀರು ಹೋಗುವ ಕಾಲುವೆ) ಪಕ್ಕ ತರಗೆಲೆ ಕೆದರುತ್ತಾ ಕಿತ್ತಳೆ ತಲೆಯ ಸಿಳ್ಳಾರ ಓಡಾಡುತ್ತಿತ್ತು. ಎರಡು ವರ್ಷದಿಂದ ಅಪರೂಪ. ಎರೆಹುಳವೂ ಕಮ್ಮಿ ಅನಿಸುತ್ತದೆ. ಮೈಲುತುತ್ತ ಅಂದರೆ ತಾಮ್ರ ಅಲ್ವಾ? ಹುಳದಿಂದ ಹಕ್ಕಿಗೆ ಹೋಗಿ ವಿಷ ಆಗುತ್ತಾ? ಮನೆಯಲ್ಲಿ ಕೇಳಿದರೆ "ಕೊಳೆ ಬಂದ ಮೇಲೆ ಹಕ್ಕಿ ನೋಡ್ತಾ ಕೂತ್ಕೋ" ಅಂತಾರೆ.

ಹಕ್ಕಿಜಾಡು:
ತಾಮ್ರ ಎಲ್ಲ ಜೀವಕ್ಕೂ ಚೂರು ಬೇಕು. ಜಾಸ್ತಿಯಾದದ್ದನ್ನು ಹಕ್ಕಿಯ ಮೈ ತಕ್ಕಮಟ್ಟಿಗೆ ಹೊರಗೆ ಹಾಕುತ್ತದೆ. ಸೀಸ, ಕ್ಯಾಡ್ಮಿಯಂ ಹಾಗಲ್ಲ, ಒಂದು ಮೂಳೆಯಲ್ಲಿ, ಇನ್ನೊಂದು ಮೂತ್ರಪಿಂಡದಲ್ಲಿ ಬೀಡು ಬಿಡುತ್ತವೆ. ಪಾದರಸ ಇನ್ನೂ ವಿಚಿತ್ರ: ಅಮೆರಿಕದ ವರ್ಜೀನಿಯಾದಲ್ಲಿ ಹೊಳೆಗೆ ಸೇರಿದ ಪಾದರಸ, ಮೀನು ಮುಟ್ಟದ ಕಾಡುಹಕ್ಕಿಗಳ ರಕ್ತದಲ್ಲೂ ಸಿಕ್ಕಿತು ಅಂತ 2008ರಲ್ಲಿ ಗೊತ್ತಾಯಿತು. ಅದನ್ನು ದಡಕ್ಕೆ ಹೊತ್ತು ತಂದದ್ದು ಜೇಡ.

ನಿಮ್ಮಲ್ಲಿ ನನಗೆ ಚಿಂತೆ ಹಕ್ಕಿಯ ಊಟದ್ದು. 1 ಕೆಜಿ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ. ಮಳೆಗೆ ತೊಳೆದು ಕೆಳಗಿಳಿದದ್ದರಲ್ಲಿ ಹೆಚ್ಚಿನದು ಮೇಲ್ಮಣ್ಣಿಗೇ ಅಂಟಿಕೊಂಡು ವರ್ಷ ವರ್ಷ ಕೂಡುತ್ತಾ ಹೋಗುತ್ತದೆ, ಫ್ರಾನ್ಸಿನ ಹಳೇ ದ್ರಾಕ್ಷಿತೋಟಗಳಲ್ಲಿ ಆಗಿರುವುದೂ ಇದೇ. ಎರೆಹುಳಕ್ಕೆ ಅಂಥ ಮಣ್ಣು ಆಗಿಬರಲ್ಲ. ಬಸವನಹುಳುವಿಗಂತೂ ತಾಮ್ರ ನೇರ ವಿಷ. ಎಷ್ಟೋ ಸಣ್ಣ ಹಕ್ಕಿಗಳು ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣಕ್ಕೆ ಬಸವನಹುಳುವನ್ನೇ ಹುಡುಕುತ್ತವೆ. ನೆದರ್ಲೆಂಡ್ಸ್‌ನ ಕಾಡುಗಳಲ್ಲಿ ಆಮ್ಲಮಳೆಯಿಂದ ಬಸವನಹುಳು ಕಮ್ಮಿಯಾಗಿ ಗ್ರೇಟ್ ಟಿಟ್ ಹಕ್ಕಿಯ ಮೊಟ್ಟೆಚಿಪ್ಪು ತೆಳುವಾಗಿತ್ತು. ಫಿನ್ಲೆಂಡಿನಲ್ಲಿ ತಾಮ್ರ ಕರಗಿಸುವ ಕಾರ್ಖಾನೆ ಸುತ್ತ ಅದೇ ಹಕ್ಕಿಯ ಮರಿಗಳ ಹಳದಿ ಎದೆ ಮಾಸಿತ್ತು, ಯಾಕೆಂದರೆ ಬಣ್ಣ ಕೊಡುವ ಕಂಬಳಿಹುಳವೇ ಕಮ್ಮಿ.

ಆದರೂ ಅಜ್ಜನ ಕಾಲದಿಂದ ಹೊಡೆದ ಮದ್ದು ಎರಡೇ ವರ್ಷದಲ್ಲಿ ಹಕ್ಕಿ ಓಡಿಸಿತು ಅಂದರೆ ನನಗೆ ಒಪ್ಪಿಗೆ ಆಗಲ್ಲ. ಬೇರೆ ಏನಾದರೂ ಬದಲಾಯಿಸಿದ್ದೀರಾ?

ಹಳೇ ಕೊಳೆ:
ಬೋರ್ಡೋದಲ್ಲಿ ಸುಣ್ಣವೂ ಇದೆಯಲ್ಲ ಮಾರಾಯ್ರೇ, ಹಕ್ಕಿ ಅದನ್ನೇ ನೆಕ್ಕಲಿ! ತಮಾಷೆಗೆ ಅಂದೆ. ಮದ್ದು ಕಲಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಡ್ರಮ್ಮು ಮಾತ್ರ ಹಳ್ಳದಲ್ಲಿ ತೊಳೆಯಬೇಡಿ. ಮೀನಿಗೆ ತಾಮ್ರ ಚೂರೇ ಸಾಕು, ಮೀನು ಹೋದರೆ ಮಿಂಚುಳ್ಳಿಯೂ ಹೋಗುತ್ತದೆ. ಮಳೆಗೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಾಗದ ಹೊದಿಕೆ) ಕಟ್ಟಿಸಿದರೆ ಮದ್ದೇ ಕಮ್ಮಿ ಸಾಕು, ಕಟ್ಟುವವರು ಸಿಗಬೇಕಷ್ಟೆ.

ಕಾರವಾರ ಗಾಳ:
ನಮ್ಮ ಕಡೆ ಬಲೆ, ಗಾಳಕ್ಕೆ ಕಟ್ಟುವ ಸೀಸದ ಗುಂಡು ಉದುರಿ ಅಳಿವೆ ಕೆಸರಲ್ಲಿ ಉಳಿಯುತ್ತದೆ. ಬಾತುಗಳು ಕಲ್ಲು ಅಂತ ನುಂಗಿದರೆ ಹೊಟ್ಟೆಯೊಳಗೇ ಅರೆದು ರಕ್ತಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಗುಂಡು 1991ರಲ್ಲೇ ಬಂದ್.

ತೋಟಿಗ ಶಿರಸಿ:
@ಹಕ್ಕಿಜಾಡು, ಬದಲಾಯಿಸಿದ್ದೇವೆ. ಆಳು ಸಿಗಲ್ಲ ಅಂತ ಎರಡು ವರ್ಷದಿಂದ ಕಳೆನಾಶಕ. ತರಗೆಲೆಯನ್ನೂ ಗುಡಿಸಿ ಸುಡುತ್ತಿದ್ದೇವೆ. ಬರೆಯುವಾಗ ಇದು ಹೊಳೆಯಲೇ ಇಲ್ಲ ನೋಡಿ. ಈ ವರ್ಷ ಅರ್ಧ ತೋಟಕ್ಕೆ ಎರಡನ್ನೂ ನಿಲ್ಲಿಸುತ್ತೇನೆ, ಮಣ್ಣಿನ ತಾಮ್ರವನ್ನೂ ಪರೀಕ್ಷೆಗೆ ಕೊಡುತ್ತೇನೆ. ಸಿಳ್ಳಾರ ಬಂದರೆ ಇಲ್ಲೇ ಹೇಳುತ್ತೇನೆ.