ಪದಚರ್ಚೆ: ‘ಭಾರತ ನನ್ನ ರಾಜ್ಯ’ ಎಂದರೆ ತಪ್ಪೇ?

ಬಳಗದವರೆಲ್ಲರಿಗೂ ಕಾಸರಗೋಡಿನಿಂದ ನಮಸ್ಕಾರ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ‘ರಾಜ್ಯ’ ಎಂಬ ಪದಕ್ಕೆ ‘ದೇಶ’ ಎಂಬ ಅರ್ಥವನ್ನು ಇಂದಿನ ಬರವಣಿಗೆಯ ಕನ್ನಡದಲ್ಲಿ ಒಪ್ಪಬಹುದೇ? ಒಪ್ಪಲಾಗದಿದ್ದರೆ, ಹಾಗೆ ಬಳಸಿದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಅಂಕ ಕಳೆಯಬೇಕೇ? ಎರಡನೆಯದೇ ನನಗೆ ತುರ್ತಿನ ಪ್ರಶ್ನೆ.

ನಡೆದದ್ದು ಇಷ್ಟು. ನಮ್ಮೂರಿನ ವಾಚನಾಲಯವೊಂದರಲ್ಲಿ ಸ್ವಾತಂತ್ರ್ಯೋತ್ಸವದ ಭಾಷಣ ಸ್ಪರ್ಧೆ. ತೀರ್ಪುಗಾರರಲ್ಲಿ ನಾನೊಬ್ಬ, ಕರ್ನಾಟಕದ ಗಡಿಯಾದ ತಲಪಾಡಿಯ ಆಚೆಯಿಂದ ಬಂದಿದ್ದ ನಿವೃತ್ತ ಕನ್ನಡ ಅಧ್ಯಾಪಕರು ಇನ್ನೊಬ್ಬರು. ಏಳನೆಯ ತರಗತಿಯ ಹುಡುಗಿ ವೇದಿಕೆಗೆ ಬಂದಳು. ಕನ್ನಡ ಮಾಧ್ಯಮದವಳು, ಮಲಯಾಳವನ್ನೂ ಓದುತ್ತಾಳೆ. ಚೀಟಿ ನೋಡದೆ, ತಡವರಿಸದೆ ಆರಂಭಿಸಿದಳು: “ಭಾರತ ನನ್ನ ರಾಜ್ಯ. ನನ್ನ ರಾಜ್ಯದಲ್ಲಿ ಇಪ್ಪತ್ತೆಂಟು ಸಂಸ್ಥಾನಗಳಿವೆ. ಅದರ ಪೌರಳಾಗಿ ನನಗೆ ರಾಜ್ಯಸ್ನೇಹವಿದೆ.”

ನನ್ನ ಪಕ್ಕದವರ ಕೆಂಪು ಪೆನ್ನು ನಾಲ್ಕು ಕಡೆ ಓಡಿತು. ಭಾಷಣ ಮುಗಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಮೈಕಿನ ಹತ್ತಿರ ಹೋಗಿ ಅಕ್ಕರೆಯಿಂದಲೇ ತಿದ್ದಿದರು: “ಮಗೂ, ಭಾರತ ನಮ್ಮ ದೇಶ. ರಾಜ್ಯ ಬೇರೆ. ನಮ್ಮ ರಾಜ್ಯ ಯಾವುದು, ಎಲ್ಲರೂ ಹೇಳಿ ನೋಡೋಣ?” ಮಕ್ಕಳೆಲ್ಲ ಒಂದೇ ದನಿಯಲ್ಲಿ “ಕೇರಳ” ಎಂದರು. ಹಿಂದಿನ ಸಾಲಿನಲ್ಲಿ ಗೋಡೆಗೊರಗಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಮಾತ್ರ, ಯಾರಿಗೂ ಹೇಳಿದ್ದಲ್ಲ ಎನ್ನುವಂತೆ, “ಕರ್ನಾಟಕ ಆಗಬೇಕಿತ್ತು” ಎಂದರು. ಸಭೆ ನಕ್ಕಿತು. ಅಧ್ಯಾಪಕರು ನಗಲಿಲ್ಲ; ಎಲ್ಲಿ ಕಾಲಿಟ್ಟೆನೆಂದು ಅವರಿಗೆ ತಿಳಿದಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿಸಿದ ತಾಲೂಕು ಇದು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಆ ವರದಿ ಅಲ್ಲಿಗೇ ನಿಂತಿತು. ಇಲ್ಲಿ ‘ನಿನ್ನ ದೇಶ ಯಾವುದು’ ಎಂದು ಕೇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ನಿನ್ನ ರಾಜ್ಯ ಯಾವುದು’ ಎಂದರೆ ಎದುರಿಗಿರುವವರ ವಯಸ್ಸನ್ನು ನೋಡಿಕೊಂಡು ಕೇಳಬೇಕು.

ಇನ್ನು ಹುಡುಗಿಯ ಮಾತಿಗೆ ಬರುತ್ತೇನೆ. ಅವಳು ಆಡಿದ್ದು ತಪ್ಪು ಕನ್ನಡವಿರಬಹುದು, ಆದರೆ ಪೆದ್ದು ಮಾತಲ್ಲ. ಅವಳ ಮೂರೂ ವಾಕ್ಯಗಳನ್ನು ಪದಕ್ಕೆ ಪದ ಮಲಯಾಳಕ್ಕೆ ಹಾಕಿ ನೋಡಿ, ಒಂದು ಕೂದಲೂ ಕೊಂಕುವುದಿಲ್ಲ. ಮಲಯಾಳದಲ್ಲಿ ರಾಜ್ಯಂ ಎಂದರೆ ದೇಶ, ಸಂಸ್ಥಾನಂ ಎಂದರೆ ರಾಜ್ಯ, ಪೌರನ್ ಎಂದರೆ ನಾಗರಿಕ, ಸ್ನೇಹಂ ಎಂದರೆ ಪ್ರೀತಿ. ಅವಳ ಮಲಯಾಳ ಪುಸ್ತಕದ ಮೊದಲ ಪುಟಗಳಲ್ಲಿ ಅಚ್ಚಾದ ಪ್ರತಿಜ್ಞೆ ‘ಇಂಡ್ಯ ಎಂಡೆ ರಾಜ್ಯಮಾಣ್’ ಎಂದೇ ಆರಂಭವಾಗುತ್ತದೆ. ಅದೇ ಪ್ರತಿಜ್ಞೆ ನಮ್ಮಲ್ಲಿ ‘ಭಾರತ ನನ್ನ ದೇಶ’. ಮೂಲದಲ್ಲಿ ಅದು ಎರಡೂ ಅಲ್ಲ ಎಂಬುದು ಇನ್ನೊಂದು ಸ್ವಾರಸ್ಯ. 1962ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ತೆಲುಗಿನಲ್ಲಿ ಅದನ್ನು ಬರೆದಾಗ ಇದ್ದ ಪದ ‘ಮಾತೃಭೂಮಿ’. ಆ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಆದರೆ ಕೇರಳದಲ್ಲಿ ಮಾತೃಭೂಮಿ ಎಂದರೆ 1923ರಿಂದ ಒಂದು ಪತ್ರಿಕೆ, ದೇಶಾಭಿಮಾನಿ ಎಂದರೆ 1942ರಿಂದ ಇನ್ನೊಂದು ಪತ್ರಿಕೆ, ಕಮ್ಯುನಿಸ್ಟರದು. ನಮ್ಮ ಚಹಾದಂಗಡಿಯ ಬೆಂಚಿನಲ್ಲಿ “ಅವರು ದೇಶಾಭಿಮಾನಿ” ಎಂದರೆ ಕೇಳಿದವರಿಗೆ ಆತನ ಪಕ್ಷ ತಿಳಿಯುತ್ತದೆ, ದೇಶಭಕ್ತಿ ತಿಳಿಯುವುದಿಲ್ಲ.

ಗಡಿಯಲ್ಲಿ ಬದುಕುವವರಿಗೆ ಅಪರಿಚಿತ ಪದಗಳಿಂದ ತೊಂದರೆಯಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುತ್ತೇವೆ. ಮೋಸಮಾಡುವುದು ಪರಿಚಿತ ಪದಗಳೇ. ಎರಡೂ ಮನೆಗಳಲ್ಲಿ ಇರುವ ಸೇರು ಒಂದೇ ಆಕಾರದ್ದು, ಅಳೆದಾಗ ಮಾತ್ರ ಒಂದರಲ್ಲಿ ಹೆಚ್ಚು ಹಿಡಿಯುತ್ತದೆ. ಹೆದ್ದಾರಿ 66 ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ತಲಪಾಡಿಯ ಆಚೆ ಅದು ರಾಷ್ಟ್ರೀಯ ಹೆದ್ದಾರಿ, ಈಚೆ ದೇಶೀಯ ಪಾತ. ನಮಗೆ ‘ದೇಶೀಯ’ ಎಂದರೆ ನಾಟಿ ಹಸುವಿನ ತಳಿ, ಇಲ್ಲವೇ ವಿದೇಶಕ್ಕೆ ಹೋಗದ ವಿಮಾನ. ಅವರಿಗೆ ರಾಷ್ಟ್ರಗೀತೆಯೂ ‘ದೇಶೀಯಗಾನಂ’. ಹಾಗಾದರೆ ಅವರ ‘ರಾಷ್ಟ್ರೀಯಂ’ ಯಾವುದು? ರಾಜಕೀಯ! ‘ರಾಜಕೀಯಂ’ ಎಂದರೋ, ಅರಸನಿಗೆ ತಕ್ಕದ್ದು, ರಾಜವೈಭವದ್ದು. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಸಂಸ್ಥೆಯ ಗೋಡೆಯಲ್ಲಿ, ಮಲಯಾಳದಿಂದ ಅವಸರದಲ್ಲಿ ಕನ್ನಡಿಸಿದ ಸೂಚನೆಯೊಂದನ್ನು ಕಣ್ಣಾರೆ ಕಂಡಿದ್ದೇನೆ: “ಈ ಆವರಣದಲ್ಲಿ ರಾಷ್ಟ್ರೀಯ ಚಟುವಟಿಕೆಗಳನ್ನು ನಿಷೇಧಿಸಲಾಗಿದೆ.” ಅದರ ಕೆಳಗೇ ಆ ವರ್ಷದ ಧ್ವಜಾರೋಹಣದ ಸಮಯವನ್ನೂ ಅಂಟಿಸಿದ್ದರು. ಎರಡು ವಾರ ಯಾರೂ ಆಕ್ಷೇಪಿಸಲಿಲ್ಲ. ಇಲ್ಲಿನವರು ಕನ್ನಡ ಅಕ್ಷರವನ್ನು ಮಲಯಾಳದ ಅರ್ಥದಲ್ಲಿ ಓದಿಕೊಂಡು ಮುಂದೆ ಹೋಗುತ್ತಿದ್ದರು.

ಸಂವಿಧಾನದ ಮೊದಲ ವಿಧಿಯನ್ನೇ ತೆಗೆದುಕೊಳ್ಳಿ. ಇಂಡಿಯಾ, ಅಂದರೆ ಭಾರತ, ಕನ್ನಡದಲ್ಲಿ ‘ರಾಜ್ಯಗಳ ಒಕ್ಕೂಟ’, ಮಲಯಾಳದಲ್ಲಿ ‘ಸಂಸ್ಥಾನ’ಗಳ ಯೂನಿಯನ್. ಇದರ ಅರ್ಥವನ್ನು ಅದಕ್ಕೆ, ಅದರ ಅರ್ಥವನ್ನು ಇದಕ್ಕೆ ಅದಲುಬದಲು ಮಾಡಿದರೆ ಒಂದು ಕಡೆ ಭಾರತ ದೇಶಗಳ ಒಕ್ಕೂಟವಾಗುತ್ತದೆ, ಇನ್ನೊಂದು ಕಡೆ ಅರಸರ ಸಂಸ್ಥಾನಗಳ ಕೂಟವಾಗಿ 1947ಕ್ಕೆ ಹಿಂದಿರುಗುತ್ತದೆ. ನಮ್ಮವರು ಮೈಸೂರು ಸಂಸ್ಥಾನ, ಹೈದರಾಬಾದ್ ಸಂಸ್ಥಾನಗಳ ಜೊತೆಗೆ ಆ ಪದವನ್ನೂ ಅರಮನೆಯಲ್ಲೇ ಬಿಟ್ಟುಬಂದರು, ಮಠಗಳಿಗೆ ಒಂದಿಷ್ಟು ಉಳಿಸಿದರು. ಮಲಯಾಳಿಗಳು ಅರಸರನ್ನು ಇಳಿಸಿದರೂ ಪದವನ್ನು ಇಳಿಸಲಿಲ್ಲ. ತಿರುವಿದಾಂಕೂರು-ಕೊಚ್ಚಿ ಸಂಸ್ಥಾನದಿಂದ ಕೇರಳ ಸಂಸ್ಥಾನಕ್ಕೆ ಅದು ನಡೆದು ಬಂದಿತು. ಇಲ್ಲೊಂದು ತಮಾಷೆ ಹೇಳದಿರಲಾರೆ. ನಮ್ಮ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಭೂಸುಧಾರಣೆಯ ವಿಷಯದಲ್ಲಿ ಕೇರಳದ ಮೇಲೆ ಹೂಡಿದ ದಾವೆಯಲ್ಲವೇ, 1973ರಲ್ಲಿ ಹದಿಮೂರು ನ್ಯಾಯಮೂರ್ತಿಗಳ ಪೀಠ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ತೀರ್ಪಿತ್ತದ್ದು. ಕನ್ನಡದವನಿಗೆ ಆ ದಾವೆಯಲ್ಲಿ ವಾದಿ ಸಂಸ್ಥಾನ, ಮಲಯಾಳದವನಿಗೆ ಪ್ರತಿವಾದಿ ಸಂಸ್ಥಾನ.

‘ರಾಜ್ಯಸಭೆ’ಯಲ್ಲಿ ಮಾತ್ರ ಮಲಯಾಳವೂ ಸಿಕ್ಕಿಬಿದ್ದಿದೆ. 1954ರಲ್ಲಿ ಆ ಸದನಕ್ಕೆ ಹಿಂದಿಯ ಹೆಸರು ಬಂದಾಗ ಅಲ್ಲಿನ ‘ರಾಜ್ಯ’ ನಮ್ಮ ಅರ್ಥದ್ದು, ರಾಜ್ಯಗಳ ಪ್ರತಿನಿಧಿಗಳ ಸಭೆ. ಆ ಹೆಸರನ್ನು ಮಲಯಾಳಿಗಳು ಹಾಗೆಯೇ ಹೇಳುತ್ತಾರೆ, ‘ದೇಶದ ಸಭೆ’ ಎಂದು ಅರ್ಥ ಮಾಡಿಕೊಂಡರೂ ಕೆಲಸ ಕೆಡುವುದಿಲ್ಲ. ರಾಜ್ಯಪಾಲರನ್ನು ಅವರು ಗವರ್ನರ್ ಎಂದೇ ಕರೆದು ಪಾರಾಗಿದ್ದಾರೆ.

ಹಾಗಾದರೆ ಯಾರ ಅಳತೆ ಸರಿ? ನನ್ನ ಸಹ ತೀರ್ಪುಗಾರರು ‘ನಮ್ಮದೇ ಮೂಲಾರ್ಥ’ ಎಂದು ವಾದಿಸಿದರು. ನಾನು ಒಪ್ಪಲಿಲ್ಲ. ಅರಸನೊಬ್ಬ ಆಳುವುದೆಲ್ಲ ರಾಜ್ಯ. ಅದಕ್ಕೆ ಇಂತಿಷ್ಟೇ ಗಾತ್ರ ಎಂದು ಸಂಸ್ಕೃತವೇನೂ ಗೊತ್ತುಮಾಡಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಒಂದು ಹಳೆಯ ದಾರಿಯಿದೆ. ವಿಜಯನಗರದ ಕಾಲದಲ್ಲಿ ತುಳುನಾಡನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ ಆಳುತ್ತಿದ್ದರು. ಅಂದರೆ ದೊಡ್ಡದೊಂದರ ಒಳಗಿನ ತುಂಡಿಗೆ ‘ರಾಜ್ಯ’ ಎನ್ನುವುದು ನಮ್ಮ ಶಾಸನಗಳಿಗೆ ಹೊಸತಲ್ಲ. ಇಂದಿನ ಕನ್ನಡದ ‘ರಾಜ್ಯ’ ನೇರವಾಗಿ ಅಲ್ಲಿಂದಲೇ ಇಳಿಯಿತೆಂದು ನಾನು ಸಾಧಿಸುತ್ತಿಲ್ಲ. ಕಿವಿಗೆ ಒಗ್ಗಿತ್ತು ಎಂದಷ್ಟೇ ನನ್ನ ಊಹೆ. ‘ರಾಷ್ಟ್ರ’ದ ಕತೆಯೂ ಇದೇ. ರಾಷ್ಟ್ರಕೂಟರ ಆಡಳಿತದಲ್ಲಿ ರಾಷ್ಟ್ರ ಎಂದರೆ ಒಂದು ಪ್ರಾಂತ್ಯ, ಅದರ ಅಧಿಕಾರಿ ರಾಷ್ಟ್ರಪತಿ. ತೆಲುಗಿನಲ್ಲಿ ಇವತ್ತಿಗೂ ‘ರಾಷ್ಟ್ರ ಪ್ರಭುತ್ವಂ’ ಎಂದರೆ ರಾಜ್ಯ ಸರ್ಕಾರ, ಆದರೆ ರಾಷ್ಟ್ರಪತಿ ಮಾತ್ರ ದೆಹಲಿಯವರೇ. ಆದೋನಿ, ರಾಯದುರ್ಗದ ಕಡೆಯ ಕನ್ನಡದ ಮಕ್ಕಳು ಈ ತೊಡಕನ್ನು ಹೇಗೆ ಬಿಡಿಸಿಕೊಳ್ಳುತ್ತಾರೆ ಎಂಬ ಕುತೂಹಲ ನನಗಿದೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳನ್ನು 1949ರಲ್ಲಿ ‘ರಾಷ್ಟ್ರಕವಿ’ ಎಂದು ಗೌರವಿಸಿದ್ದು ದೆಹಲಿಯಲ್ಲ, ಮದರಾಸು ಸರ್ಕಾರ. ತೆಲುಗಿನ ಅಳತೆಯಲ್ಲಿ ನೋಡಿದರೆ ಬಿರುದಿಗೂ ಕೊಟ್ಟವರಿಗೂ ಹೊಂದಿಕೆಯಿದೆ!

‘ದೇಶ’ವೂ ನಂಬಿಕಸ್ಥನಲ್ಲ. ಪಯ್ಯನ್ನೂರಿನಿಂದಾಚೆ, ಹಳೆಯ ಮಲಬಾರಿನಲ್ಲಿ, ಜಮೀನಿನ ಕಾಗದಗಳನ್ನು ಅಂಶಂ, ದೇಶಂ ಎಂದು ಬರೆಯುತ್ತಿದ್ದರು. ದೇಶ ಎಂದರೆ ಗ್ರಾಮದ ಒಂದು ತುಣುಕು. ದಕ್ಷಿಣ ಕನ್ನಡಕ್ಕೆ ಸೇರಿದ್ದ ನಮ್ಮಲ್ಲಿ ಮಾಗಣೆ, ಗ್ರಾಮ. ಆಲುವದ ಬಳಿ ‘ದೇಶಂ’ ಎಂಬ ಹೆಸರಿನ ಊರೇ ಇದೆ. ಅಲ್ಲಿನವರು ದಿನವೂ ದೇಶಕ್ಕೆ ಹೋಗಿ ಬರುತ್ತಾರೆ. ಮರಾಠಿಯ ಕಡೆಯವರನ್ನು ಕೇಳಿದರೆ ಘಟ್ಟದ ಮೇಲಿನ ಬಯಲುಸೀಮೆಯೇ ‘ದೇಶ’, ಕೆಳಗಿನದು ಕೊಂಕಣ. ಇನ್ನು ಸೀಮೆ ಎಂಬ ಪದ. ನಾವು ಕುಂಬಳೆ ಸೀಮೆಯವರು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವವರು. ಆದರೆ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳಲ್ಲಿ ಅದೇ ಸೀಮೆ ಕಡಲಾಚೆಯ ಪರದೇಶ. ತನ್ನ ಊರಿಗೂ ಬಿಳಿಯರ ಊರಿಗೂ ಒಂದೇ ಪದ ಇಟ್ಟುಕೊಂಡ ನಾವು, ಹುಡುಗಿಯ ಮೇಲೆ ಕೆಂಪು ಪೆನ್ನು ಎತ್ತುವ ಮೊದಲು ಸ್ವಲ್ಪ ಯೋಚಿಸಬೇಕು.

‘ಪೌರ’ದ ಬಗ್ಗೆ ಎರಡು ಮಾತು, ಏಕೆಂದರೆ ಅದರಲ್ಲಿ ತಪ್ಪು ನಮ್ಮ ಕಡೆಯದೇ ಎಂಬ ಅನುಮಾನ ನನಗಿದೆ. ಕಾಸರಗೋಡು-ಮಂಗಳೂರು ದಾರಿಯಲ್ಲಿ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಓಡುತ್ತವೆ. ಕರ್ನಾಟಕದ ಬಸ್ಸಿನಲ್ಲಿ ನಾನು ಕೂರುವ ಸೀಟಿನ ಮೇಲೆ ‘ಹಿರಿಯ ನಾಗರಿಕರಿಗೆ’ ಎಂದಿರುತ್ತದೆ, ಕೇರಳದ ಬಸ್ಸಿನಲ್ಲಿ ‘ಮುದಿರ್ನ್ನ ಪೌರನ್ಮಾರ್’. ಮುದಿ ಎಂದದ್ದಕ್ಕೆ ಬೇಸರವಿಲ್ಲ, ಮಲಯಾಳದಲ್ಲಿ ಅದು ಮರ್ಯಾದೆಯ ಮಾತೇ. ನನ್ನನ್ನು ಕಾಡುವುದು ಪೌರ. ಕನ್ನಡದಲ್ಲಿ ನಾವು ಪೌರತ್ವ ಎನ್ನುತ್ತೇವೆ. ಕಾಯ್ದೆಯ ಹೆಸರೂ ಅದೇ, ಪತ್ರಿಕೆಗಳ ತಲೆಬರಹವೂ ಅದೇ. ಆದರೆ ಪೌರತ್ವ ಪಡೆದವನನ್ನು ಪೌರ ಎನ್ನುವುದಿಲ್ಲ. ಅವನು ನಾಗರಿಕ, ಇಲ್ಲವೇ ಪ್ರಜೆ. ಪೌರ ಎಂದೊಡನೆ ನಮಗೆ ನೆನಪಾಗುವುದು ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರು, ನಗರಸಭೆಯ ಪೌರಾಯುಕ್ತರು. ಗುಣಕ್ಕೆ ಒಂದು ಪದ, ಆ ಗುಣ ಉಳ್ಳವನಿಗೆ ಇನ್ನೊಂದು ಪದ. ಹುಡುಗಿ ಪೌರತ್ವದಿಂದ ಪೌರಳನ್ನು ಮಾಡಿಕೊಂಡಳು. ವ್ಯಾಕರಣದ ಹಾದಿಯಲ್ಲಿ ಅವಳೇ ನೆಟ್ಟಗೆ ನಡೆದವಳು. ‘ಪ್ರಜೆ’ಯೂ ನಿರಪಾಯವಲ್ಲ. ‘ನಾನು ಭಾರತದ ಪ್ರಜೆ’ ಎಂದು ನನ್ನ ಮಲಯಾಳಿ ನೆರೆಯವರಿಗೆ ಹೇಳಿದರೆ, ‘ಯಾವ ಅರಸನ?’ ಎಂದು ನಗುತ್ತಾರೆ. ಅವರಲ್ಲಿ ಪ್ರಜೆ ಎಂದರೆ ಇನ್ನೂ ಅರಸನಿಗೆ ತಲೆಬಾಗುವವನು, ನಮ್ಮ ಪ್ರಜಾಪ್ರಭುತ್ವ ಅವರಿಗೆ ಜನಾಧಿಪತ್ಯಂ.

ನಮ್ಮ ಕನ್ನಡದಲ್ಲೇ ರಾಜ್ಯಕ್ಕೆ ಹಿಗ್ಗಿದ ಅರ್ಥ ಇರಲಿಲ್ಲವೇ ಎಂದು ನೆನಪನ್ನು ಕೆದಕಿದೆ. ಇಲ್ಲೇ ತೆಂಕಿನ ಹೊಸದುರ್ಗದ (ಕಾಞಂಗಾಡಿನ) ಕಡೆ ಎರಡು ದಿನ ಉಳಿದು ಬಂದರೆ ನನ್ನ ಅಜ್ಜಿ “ಯಾವ ರಾಜ್ಯಕ್ಕೆ ಹೋಗಿದ್ದೆ?” ಎಂದು ಕೇಳುತ್ತಿದ್ದರು. ಅವರು 1956ಕ್ಕೆ ಮೊದಲೇ ಮದುವೆಯಾಗಿ ಬಂದವರು, ಕೇರಳವೆಂದೂ ಕರ್ನಾಟಕವೆಂದೂ ಲೆಕ್ಕವಿಟ್ಟವರಲ್ಲ. ಅವರ ರಾಜ್ಯ ಎಂದರೆ ಕಣ್ಣಿಗೆ ಕಾಣದಷ್ಟು ದೂರದ ನೆಲ. ಇದು ನಮ್ಮ ಮನೆಯ ಮಾತೋ, ಊರಿನ ಮಾತೋ, ಬೇರೆಡೆಯಲ್ಲೂ ಇದೆಯೋ? ಪುತ್ತೂರು, ಸುಳ್ಯ, ಬಂಟ್ವಾಳದ ಕಡೆಯ ಹಿರಿಯರು ಹೀಗೆ ಆಡಿದ್ದನ್ನು ಕೇಳಿದವರು ದಯವಿಟ್ಟು ಬರೆಯಿರಿ. ಹಾಗಿದ್ದರೆ ಹುಡುಗಿಯ ಪರವಾಗಿ ನನಗೊಂದು ಸಾಕ್ಷಿ ಸಿಕ್ಕಂತಾಗುತ್ತದೆ.

‘ರಾಜ್ಯಸ್ನೇಹ’ವನ್ನು ಮಾತ್ರ ನಾನೂ ಉಳಿಸಿಕೊಳ್ಳಲಾರೆ. ಕನ್ನಡದ ಕಿವಿಗೆ ಅದು ಸರ್ಕಾರದ ಜೊತೆ ಗೆಳೆತನ ಮಾಡಿಕೊಂಡಂತೆ ಕೇಳಿಸುತ್ತದೆ. ಮಲಯಾಳದಲ್ಲೂ ದೇಶಸ್ನೇಹಂ, ದೇಶಭಕ್ತಿ ಎಂಬ ಪದಗಳು ಧಾರಾಳವಾಗಿ ಇವೆ. ‘ದೇಶ’ವನ್ನೇ ಎರಡೂ ಕಡೆಯವರು ಹಿಡಿದುಕೊಂಡರೆ ಮಕ್ಕಳಿಗೆ ಹೊರೆ ಕಡಿಮೆ. ಆದ್ದರಿಂದ ಅಲ್ಲೊಂದು ಅಂಕ ಕಳೆದಿದ್ದೇನೆ. ‘ಸಂಸ್ಥಾನ’ಕ್ಕೆ ಅರ್ಧ ಕಳೆದು, ಮತ್ತೆ ಅಳಿಸಿದ್ದೇನೆ. ‘ಪೌರ’ಕ್ಕೆ ಕಳೆದಿಲ್ಲ. ‘ರಾಜ್ಯ’ದ ಎದುರಿಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ. ಸಹ ತೀರ್ಪುಗಾರರು ತಮ್ಮ ಪಟ್ಟಿಯನ್ನು ಅಂದೇ ಕೊಟ್ಟು ಹೋದರು. ಅವರ ಲೆಕ್ಕದಲ್ಲಿ ಹುಡುಗಿಗೆ ನಾಲ್ಕನೆಯ ಸ್ಥಾನ. ನನ್ನ ಪ್ರಶ್ನಾರ್ಥಕ ಚಿಹ್ನೆ ಅಳಿದರೆ ಎರಡನೆಯದು.

ವಾಚನಾಲಯದ ಕಾರ್ಯದರ್ಶಿಗಳು ಪ್ರಮಾಣಪತ್ರ ಬರೆಸಲು ಬುಧವಾರ ಬರುತ್ತಾರೆ. ಮಂಗಳವಾರ ರಾತ್ರಿಯೊಳಗೆ ನಿಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ. ಶಾಸನಗಳನ್ನು ಬಲ್ಲವರು ‘ರಾಜ್ಯ’ದ ಹಳೆಯ ಗಾತ್ರದ ಬಗ್ಗೆ ಬಿಡುವಾದಾಗ ಬರೆಯಲಿ, ಅದಕ್ಕೆ ಬುಧವಾರದ ಗಡುವಿಲ್ಲ.