ಸ್ಟಾಫರ್ಡ್‌ಶೈರ್ ಓಟ್‌ಕೇಕ್ ನಮ್ಮ ಕಡೆಯಿಂದ ಹೋದದ್ದೇ?

ಶಿರಸಿಯವಳು:
ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಜಿಲ್ಲೆಯ ಸ್ಟೋಕ್-ಆನ್-ಟ್ರೆಂಟ್‌ಗೆ ಬಂದು ಆರು ವರ್ಷವಾಯಿತು. ಶನಿವಾರ ಬೆಳಿಗ್ಗೆ ಇಲ್ಲಿನ ಓಟ್‌ಕೇಕ್ ಅಂಗಡಿಯ ಮುಂದೆ ಜನ ಸಾಲುಗಟ್ಟುತ್ತಾರೆ. ಹೆಸರಿಗೆ ಕೇಕ್, ಆದರೆ ಅದು ಕಾವಲಿಯ ಮೇಲೆ ಎರೆದ, ಮೆತ್ತನೆಯ, ತೂತು ತೂತಾದ ಕಂದು ದೋಸೆ. ಒಳಗೆ ಚೀಸ್ ಹಾಕಿ, ಅದು ಕರಗಿದ ಮೇಲೆ ಮಡಚಿ ಕೊಡುತ್ತಾರೆ. ಬೇಕನ್ ಹಾಕಿಸಿಕೊಳ್ಳುವವರೇ ಹೆಚ್ಚು. ನನಗೆ ಚೀಸ್ ಸಾಕು. ಕಳೆದ ಬೇಸಿಗೆಯಲ್ಲಿ ಬಂದಿದ್ದ ಅಮ್ಮ ಮೊದಲ ತುತ್ತಿಗೇ "ಇದು ರಾಗಿ ದೋಸೆಯ ತಂಗಿ" ಎಂದರು. ಬೆಲ್ಲ ತುಪ್ಪ ಹಚ್ಚಿಕೊಂಡು ಇನ್ನೆರಡು ತಿಂದರು.

ಪಕ್ಕದ ಮನೆಯ ಅಜ್ಜ ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದವರು. ಭಾರತದಲ್ಲಿದ್ದ ನಾರ್ತ್ ಸ್ಟಾಫರ್ಡ್‌ಶೈರ್ ರೆಜಿಮೆಂಟಿನ ಸೈನಿಕರು ಅಲ್ಲಿನ ರೊಟ್ಟಿಯ ರುಚಿ ಮರೆಯಲಾರದೆ, ಊರಿಗೆ ಮರಳಿ ಓಟ್ಸ್‌ನಲ್ಲಿ ಮಾಡಿಸಿದರು ಎಂಬುದು ಅವರು ಹೇಳುವ ಕಥೆ. ಇದು ನಿಜವೇ? ನಿಜವಾಗಿರಲಿ ಎಂದು ನನ್ನ ಮನಸ್ಸು ಬಯಸುತ್ತಿದೆ. ಅದಕ್ಕಾಗಿಯೇ ತಿಳಿದವರನ್ನು ಕೇಳುತ್ತಿದ್ದೇನೆ.

ಹಳೆಯ ಮೇಷ್ಟ್ರು:
ತಂಗಿ, ಕಥೆ ಚೆನ್ನಾಗಿದೆ, ಕಾಲ ಮಾತ್ರ ಹೊಂದುವುದಿಲ್ಲ. ಆ ಹೆಸರಿನ ರೆಜಿಮೆಂಟ್ ಆದದ್ದೇ 1881ರಲ್ಲಿ. ಅದಕ್ಕೆ ನೂರು ವರ್ಷ ಮೊದಲೇ, 1776ರಲ್ಲಿ, ಲೇಖಕ ಜೇಮ್ಸ್ ಬಾಸ್ವೆಲ್ ನಿಮ್ಮದೇ ಜಿಲ್ಲೆಯ ಲಿಚ್‌ಫೀಲ್ಡ್‌ನಲ್ಲಿ ಬೆಳಗಿನ ತಿಂಡಿಗೆ ಓಟ್‌ಕೇಕ್ ತಿಂದಿದ್ದಾನೆ. ಸ್ಕಾಟ್ಲೆಂಡಿನದರಂತೆ ಗಟ್ಟಿಯಾಗಿರಲಿಲ್ಲ, ಮೆತ್ತಗಿತ್ತು ಎಂದು ಬರೆದೂ ಇಟ್ಟಿದ್ದಾನೆ. ಲಿಚ್‌ಫೀಲ್ಡ್ ಸ್ಯಾಮ್ಯುಯೆಲ್ ಜಾನ್ಸನ್ ಹುಟ್ಟಿದ ಊರು. ಓಟ್ಸ್ ಎಂದರೆ ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುವ ಧಾನ್ಯ ಎಂದು 1755ರ ತನ್ನ ನಿಘಂಟಿನಲ್ಲಿ ಅರ್ಥ ಕೊಟ್ಟವನು ಅವನೇ. ಅವನ ಊರಿನವರೇ ಅದನ್ನು ತಿನ್ನುತ್ತಿರುವುದನ್ನು ಕಂಡು ಸ್ಕಾಟ್ಲೆಂಡಿನವನಾದ ಬಾಸ್ವೆಲ್‌ಗೆ ಆದ ಸಂತೋಷ ಆ ಬರಹದಲ್ಲಿ ತುಳುಕುತ್ತದೆ.

ಕಾರಣವಿರುವುದು ನೆಲದಲ್ಲಿ. ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಗಳ ತಂಪು, ಜೌಗು ಸೀಮೆಯಲ್ಲಿ ಗೋಧಿ ಸರಿಯಾಗಿ ಮಾಗುವುದಿಲ್ಲ, ಓಟ್ಸ್ ಬರುತ್ತದೆ. ಓಟ್ಸ್ ಹಿಟ್ಟಿಗೆ ಗೋಧಿಯ ಜಿಗುಟಿಲ್ಲದ್ದರಿಂದ ಬ್ರೆಡ್ಡಿನಂತೆ ಎತ್ತರಕ್ಕೆ ಉಬ್ಬುವುದಿಲ್ಲ. ಹಾಗಾಗಿ ಬೆಂಕಿಯ ಮೇಲೊಂದು ಚಪ್ಪಟೆ ಕಲ್ಲಿಟ್ಟು ಅದರ ಮೇಲೆ ಬೇಯಿಸಿದರು. ಮುಂದೆ ಕಬ್ಬಿಣದ ಕಾವಲಿ ಬಂದರೂ 'ಬೇಕ್‌ಸ್ಟೋನ್' ಎಂಬ ಹೆಸರು ಉಳಿಯಿತು. ರಾಗಿ ಬೆಳೆಯುವಲ್ಲಿ ರಾಗಿ ರೊಟ್ಟಿ, ಜೋಳದ ನಾಡಿನಲ್ಲಿ ಜೋಳದ ರೊಟ್ಟಿ ಆದಂತೆಯೇ.

ಲೀಡ್ಸ್ ವಾಸಿ:
ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ನಮ್ಮ ಯಾರ್ಕ್‌ಶೈರ್ ಕಡೆ ಇದರ ಹಳೆಯ ಹೆಸರು 'ಹ್ಯಾವರ್‌ಕೇಕ್'. ಹ್ಯಾವರ್ ಎಂದರೆ ಓಟ್ಸ್. ವೈಕಿಂಗರ ನುಡಿಯಿಂದ ಬಂದ ಪದ. ಇಲ್ಲಿ ಹಿಟ್ಟನ್ನು ಕಾವಲಿಯ ಮೇಲೆ ಉದ್ದಕ್ಕೆ ಬೀಸಿ ಎರೆದು, ಬೆಂದದ್ದನ್ನು ಸೂರಿನಡಿಯ ಅಡ್ಡಪಟ್ಟಿಗಳ ಮೇಲೆ ಬಟ್ಟೆಯಂತೆ ಒಣಹಾಕುತ್ತಿದ್ದರು.

ಈ ಸೀಮೆಯಿಂದ ಜನರನ್ನು ಸೇರಿಸಿಕೊಂಡ 33ನೇ ರೆಜಿಮೆಂಟಿಗೆ 'ಹ್ಯಾವರ್‌ಕೇಕ್ ಹುಡುಗರು' ಎಂಬ ಅಡ್ಡಹೆಸರಿತ್ತು. ಸೈನ್ಯಕ್ಕೆ ಸೇರಿದರೆ ಹೊಟ್ಟೆಗೆ ಕೊರತೆಯಿಲ್ಲ ಎಂದು ತೋರಿಸಲು ಸಾರ್ಜೆಂಟರು ಕತ್ತಿಯ ತುದಿಗೆ ಓಟ್‌ಕೇಕ್ ಚುಚ್ಚಿಕೊಂಡು ಊರೂರು ತಿರುಗುತ್ತಿದ್ದರಂತೆ. ಇದೇ ರೆಜಿಮೆಂಟ್ 1799ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಕೆಳಗೆ ಶ್ರೀರಂಗಪಟ್ಟಣಕ್ಕೆ ಬಂದಿತ್ತು. ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನ ಕತ್ತಲಲ್ಲಿ ಟಿಪ್ಪುವಿನ ಪಡೆಯ ಎದುರು ಹಿಮ್ಮೆಟ್ಟಿತು. ಅಂದರೆ ಕನ್ನಡ ನಾಡಿಗೆ ಬಂದ ಆ ಹುಡುಗರು ಓಟ್‌ಕೇಕ್ ತಿಂದೇ ಬೆಳೆದವರು. ಅಲ್ಲಿ ಕಲಿತು ಬರಬೇಕಾದ ಅಗತ್ಯ ಅವರಿಗಿರಲಿಲ್ಲ.

ಶಿರಸಿಯವಳು:
ಇಬ್ಬರಿಗೂ ಕೃತಜ್ಞತೆ. ಶ್ರೀರಂಗಪಟ್ಟಣದ ವಿಷಯ ಓದಿ ಮೈ ಜುಮ್ಮೆಂದಿತು. ನಿನ್ನೆ ಅಜ್ಜನಿಗೆ ಬಾಸ್ವೆಲ್‌ನ ಸಾಲುಗಳನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮೂರಿನದೇ ಭಾಗವಾದ ಹ್ಯಾನ್ಲಿಯಲ್ಲಿ ಮನೆಯ ಕಿಟಕಿಯಿಂದಲೇ ಓಟ್‌ಕೇಕ್ ಮಾರುತ್ತಿದ್ದ ಕೊನೆಯ ಅಂಗಡಿ 2012ರಲ್ಲಿ ಮುಚ್ಚಿದ ದಿನವನ್ನು ನೆನೆದರು. ಆಮೇಲೆ ತಾವೇ ಅಳತೆ ಬರೆಸಿದರು: ನುಣ್ಣಗೆ ಬೀಸಿದ ಓಟ್ಸ್ ಎರಡು ಪಾಲು, ಗೋಧಿ ಹಿಟ್ಟು ಒಂದು ಪಾಲು, ಯೀಸ್ಟ್, ಉಪ್ಪು, ಉಗುರುಬೆಚ್ಚನೆಯ ನೀರು, ನೊರೆ ಏಳುವವರೆಗೆ ಒಂದು ಗಂಟೆ ಮುಚ್ಚಿಡಬೇಕು. ಭಾನುವಾರ ನಮ್ಮ ಮನೆಯಲ್ಲಿ ಹಿಟ್ಟು ಕಲಸುವವರು ಅವರು, ಅಮ್ಮ ತಂದುಕೊಟ್ಟ ಕಾವಲಿಯ ಮೇಲೆ ಎರೆಯುವವಳು ನಾನು.